ಕಂಬಿಯ ಆಚೆ ಯಾರು, ಈಚೆ ಯಾರು?

ಉರ್ದು ಶಾಲೆಯಲ್ಲಿ ನಾವು ಓದುತ್ತಿದ್ದ ದಿನಗಳಲ್ಲಿ ಸ್ಪೇನ್ ಎಂಬ ದೇಶ ನಮ್ಮ ಪಾಲಿಗೆ ಇರಲಿಲ್ಲ. ಇದ್ದದ್ದು ಅಂದಲುಸ್. ಅಲ್ಲಿ ಕುರ್ತುಬಾ ಇತ್ತು, ಗರ್ನಾತಾ ಇತ್ತು, ಇಶ್ಬೀಲಿಯಾ ಇತ್ತು. ಮುಂದೆ ಕನ್ನಡ ಶಾಲೆಗೆ ಸೇರಿದಾಗ ಅದೇ ಊರುಗಳು ಭೂಪಟದಲ್ಲಿ ಕೊರ್ಡೋಬಾ, ಗ್ರನಾಡಾ, ಸೆವಿಲ್ ಎಂಬ ಹೆಸರುಗಳಲ್ಲಿ ಸಿಕ್ಕವು. ಎರಡೂ ಒಂದೇ ಎಂದು ಮನಸ್ಸು ಒಪ್ಪಲು ವರ್ಷಗಳು ಬೇಕಾದವು. ಇಕ್ಬಾಲರ 1933ರ ಸ್ಪೇನ್ ಪ್ರವಾಸದಿಂದ ಹುಟ್ಟಿ, 1935ರ ‘ಬಾಲೆ ಜಿಬ್ರೀಲ್’ ಸಂಕಲನದಲ್ಲಿ ಸೇರಿದ ಕುರ್ತುಬಾ ಮಸೀದಿಯ ಕವಿತೆಯನ್ನು ಪಾಠ ಮಾಡುವಾಗ ನಮ್ಮ ಉಸ್ತಾದರ ಗಂಟಲು ಕಟ್ಟುತ್ತಿತ್ತು. ಆ ಪಾಠದಿಂದ ನಮಗೊಂದು ಅಭ್ಯಾಸ ಅಂಟಿಕೊಂಡಿತು. ಸ್ಪೇನಿನ ಯಾವುದೇ ಚೆಲುವಾದ ಕಟ್ಟಡದ, ಕುಸುರಿಯ, ಜಾಲಂದ್ರದ ಚಿತ್ರ ಕಂಡರೂ ಸಾಕು, ‘ಇದು ನಮ್ಮವರ ಕೆಲಸ’ ಎಂದು ಒಳಗಿನಿಂದ ಒಂದು ದನಿ ಏಳುತ್ತಿತ್ತು.

ಈ ಅಭ್ಯಾಸ ಮೊದಲ ಸಲ ಮುಗ್ಗರಿಸಿದ್ದು ಒಂದು ಕಬ್ಬಿಣದ ತೆರೆಯ ಚಿತ್ರದ ಮುಂದೆ. ಚಿತ್ರ ಗ್ರನಾಡಾದ ರಾಜಪ್ರಾರ್ಥನಾಲಯದ್ದು. ನೆಲದಿಂದ ಎದ್ದ ನೂರಾರು ಕಂಬಿಗಳು, ಅವುಗಳನ್ನು ಅಡ್ಡಲಾಗಿ ಹಿಡಿದ ಹೂಬಳ್ಳಿಯ ಪಟ್ಟಿಗಳು, ನಡುವೆ ಅರಸೊತ್ತಿಗೆಯ ದೊಡ್ಡ ಲಾಂಛನ, ಎಲ್ಲಕ್ಕಿಂತ ಮೇಲೆ ಏಸುವಿನ ಬದುಕಿನ ದೃಶ್ಯಗಳು. ಎಲ್ಲವೂ ಕಬ್ಬಿಣ, ಮೇಲೆ ಚಿನ್ನದ ಲೇಪ. ಕಬ್ಬಿಣವನ್ನು ಇಷ್ಟು ನಯವಾಗಿ ಒಲಿಸಿಕೊಳ್ಳಬಹುದೆ ಎಂದು ಬೆರಗಾದೆವು. ರೂಢಿಯ ದನಿ ಎದ್ದಿತು. ಆದರೆ ಕಂಬಿಗಳ ಸಂದಿನಿಂದ ಕಾಣುತ್ತಿದ್ದುದು ಇಸಬೆಲ್ಲಾ ಮತ್ತು ಫರ್ಡಿನೆಂಡರ ಸಮಾಧಿ. 1492ರಲ್ಲಿ ಗರ್ನಾತಾದ ಬೀಗದ ಕೈ ಪಡೆದವರ ಸಮಾಧಿ. ದನಿ ಅಲ್ಲಿಯೇ ನಿಂತಿತು.

ಸ್ಪೇನಿನವರು ಇಂಥ ತೆರೆಯನ್ನು ‘ರೆಹಾ’ ಎನ್ನುತ್ತಾರೆ. ಅದನ್ನು ಮಾಡುವ ಕುಶಲಕರ್ಮಿ ‘ರೆಹೇರೊ’. ಅವರ ಭಾಷೆಯಲ್ಲಿ ರೆಹಾ ಎಂದರೆ ನೇಗಿಲಿನ ಗುಳವೂ ಹೌದು. ಒಂದೇ ಉಚ್ಚಾರದ ಎರಡು ಶಬ್ದಗಳು. ಎರಡೂ ಬರುವುದು ಒಂದೇ ಕುಲುಮೆಯಿಂದ. ಯುರೋಪಿನ ಬೇರೆ ದೇಶಗಳ ಚರ್ಚುಗಳಲ್ಲೂ ಕಬ್ಬಿಣದ ಕಟಕಟೆಗಳಿವೆ. ಆದರೆ ಅದು ಇಷ್ಟು ಎತ್ತರಕ್ಕೆ, ಇಷ್ಟು ವೈಭವಕ್ಕೆ ಬೆಳೆದದ್ದು ಸ್ಪೇನಿನಲ್ಲಿ. ಇದಕ್ಕೆ ಕಾರಣ ಅಲ್ಲಿನ ಕೆಥೆಡ್ರಲ್‌ಗಳ ಒಳವಿನ್ಯಾಸದಲ್ಲಿದೆ. ಪಾದ್ರಿಗಳು ಕುಳಿತು ಪ್ರಾರ್ಥನೆ ಹಾಡುವ ‘ಕೋರೊ’ ಎಂಬ ಅಂಗಣ ಬೇರೆಡೆ ಸಾಮಾನ್ಯವಾಗಿ ಬಲಿಪೀಠದ ಪಕ್ಕದಲ್ಲಿರುತ್ತದೆ. ಸ್ಪೇನಿನಲ್ಲಿ ಅದನ್ನು ಬಲಿಪೀಠದಿಂದ ದೂರಕ್ಕೆ, ದೇವಾಲಯದ ಹೊಟ್ಟೆಯ ನಡುವಿಗೆ ತಂದಿಟ್ಟರು. ಹೀಗಾಗಿ ಬಲಿಪೀಠಕ್ಕೊಂದು ಆವರಣ, ಕೋರೊಗೊಂದು ಆವರಣ, ಇವೆರಡರ ನಡುವಿನ ಜಾಗದಲ್ಲಿ ಜನ. ಕಲ್ಲಿನ ಗೋಡೆ ಕಟ್ಟಿದರೆ ಜನರಿಗೆ ಪೂಜೆಯೇ ಕಾಣದು. ಏನೂ ಇಲ್ಲದಿದ್ದರೆ ಪಾದ್ರಿಗಳ ಜಾಗ ಜನರ ಜಾಗವಾಗಿಬಿಡುತ್ತದೆ. ನೋಡಗೊಟ್ಟು ಒಳಗೆ ಬಿಡದ ಒಂದು ವಸ್ತು ಬೇಕಿತ್ತು. ಆ ಕೆಲಸಕ್ಕೆ ಕಬ್ಬಿಣಕ್ಕಿಂತ ಒದಗುವಂಥದ್ದು ಬೇರೆ ಯಾವುದಿದೆ? ಉತ್ತರದ ಬಾಸ್ಕ್ ನಾಡಿನ ಬಿಸ್ಕಾಯಾ ಬೆಟ್ಟಗಳಲ್ಲಿ ಒಳ್ಳೆಯ ಅದಿರೂ ಇತ್ತು, ಹೊಳೆಯ ನೀರಿನಿಂದ ಸುತ್ತಿಗೆ ಎತ್ತುವ ಕುಲುಮೆಗಳೂ ಇದ್ದವು.

ಇಂದು ಉಳಿದಿರುವ ಹಳೆಯ ರೆಹಾಗಳು 12, 13ನೇ ಶತಮಾನದ ಸುಮಾರಿನವು. ಅವುಗಳಲ್ಲಿ ಆಡಂಬರವಿಲ್ಲ. ಕಾಯಿಸಿದ ಪಟ್ಟಿಯನ್ನು ಎರಡೂ ತುದಿಯಲ್ಲಿ ಸುರುಳಿ ಸುತ್ತಿ, ಅಂಥ ಸುರುಳಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ಕಬ್ಬಿಣದ ಬಳೆಯಿಂದ ಬಿಗಿದು ಸಾಲಾಗಿ ನಿಲ್ಲಿಸಿದ್ದಾರೆ. ಇಂಥ ಒಂದು ತೆರೆ ನವಾರ್ರಾ ಸೀಮೆಯ ಪಾಂಪ್ಲೊನಾ ಕೆಥೆಡ್ರಲ್‌ನಲ್ಲಿದೆ. ಅದರ ಬಗ್ಗೆ ಊರವರು ಹೇಳಿಕೊಂಡು ಬಂದ ಕತೆ ಹೀಗಿದೆ. 1212ರಲ್ಲಿ ಲಾಸ್ ನವಾಸ್ ದೆ ತೊಲೋಸಾ ಎಂಬಲ್ಲಿ ಕ್ರೈಸ್ತ ಅರಸರ ಕೂಟ ಅಲ್ ಮೊಹಾದ್ ಖಲೀಫನನ್ನು ಸೋಲಿಸಿತು. ಖಲೀಫನ ಗುಡಾರದ ಸುತ್ತ ಸರಪಳಿ ಬಿಗಿದ ಕಾವಲು ಇತ್ತು. ನವಾರ್ರಾದ ಅರಸ ಏಳನೆಯ ಸಾಂಚೊ ಅದನ್ನು ಕತ್ತರಿಸಿ ಒಳನುಗ್ಗಿದ. ಆ ಸರಪಳಿಯ ಕಬ್ಬಿಣವನ್ನೇ ಕಾಯಿಸಿ ಈ ತೆರೆ ಮಾಡಿಸಿದರಂತೆ. ಇದು ಐತಿಹ್ಯವೇ ಹೊರತು ದಾಖಲೆಯಲ್ಲ. ಆದರೆ ನವಾರ್ರಾದ ಲಾಂಛನದಲ್ಲಿ ಸರಪಳಿ ಇದೆ, ಅದರ ಮೂಲಕ ಇಂದಿನ ಸ್ಪೇನಿನ ರಾಷ್ಟ್ರಲಾಂಛನದಲ್ಲೂ ಇದೆ. ಈ ಕತೆಯಲ್ಲಿ ಖಲೀಫನನ್ನು ಸ್ಪೇನಿನವರು ಕರೆಯುವ ಹೆಸರು ‘ಮಿರಮಮೊಲಿನ್’. ಎರಡು ಸಲ ಬಾಯಲ್ಲಿ ಹೇಳಿಕೊಂಡರೆ ಅದರೊಳಗೆ ಅಡಗಿರುವ ‘ಅಮೀರುಲ್ ಮೂಮಿನೀನ್’ ಕೇಳಿಸುತ್ತದೆ.

ಈ ಕತೆ ಕೇಳಿ ಮನಸ್ಸು ಮುದುಡಿತು ಎನ್ನುವವರು ಇನ್ನೊಂದು ಕತೆಯನ್ನೂ ಕೇಳಬೇಕು. 997ರಲ್ಲಿ ಕುರ್ತುಬಾದ ದಂಡನಾಯಕ ಅಲ್ ಮನ್ಸೂರ್ ಉತ್ತರದ ಸಾಂತಿಯಾಗೊ ಯಾತ್ರಾಸ್ಥಳದ ಮೇಲೆ ದಾಳಿ ಮಾಡಿದ. ಅಲ್ಲಿನ ಚರ್ಚಿನ ಗಂಟೆಗಳನ್ನು ಹೊತ್ತು ತರಿಸಿ ಕುರ್ತುಬಾ ಮಸೀದಿಯ ದೀಪಗಳಿಗೆ ಬಳಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ. 1236ರಲ್ಲಿ ಮೂರನೆಯ ಫರ್ಡಿನೆಂಡ್ ಕುರ್ತುಬಾವನ್ನು ಗೆದ್ದಾಗ ಆ ಗಂಟೆಗಳು ಸಾಂತಿಯಾಗೊಗೆ ಮರಳಿದವು. ಟೊಲೆಡೊದ ಸಾನ್ ಹುವಾನ್ ದೆ ಲೋಸ್ ರೇಯೆಸ್ ಮಠದ ಹೊರಗೋಡೆಯ ಮೇಲೆ ಇಂದಿಗೂ ಸಾಲುಸಾಲು ಸಂಕೋಲೆಗಳು ತೂಗುತ್ತಿವೆ. ಗರ್ನಾತಾ ರಾಜ್ಯದಲ್ಲಿ ಸೆರೆಯಾಗಿದ್ದು ಬಿಡುಗಡೆಗೊಂಡ ಕ್ರೈಸ್ತರ ಕೈಕಾಲಿನಲ್ಲಿದ್ದ ಸಂಕೋಲೆಗಳು ಅವು. ಲೋಹಕ್ಕೆ ಮತವಿಲ್ಲ, ನಿಜ. ಆದರೆ ಗೆದ್ದವರು ಅದಕ್ಕೆ ತಮ್ಮ ಮತದ ಮುದ್ರೆ ಒತ್ತದೆ ಬಿಡಲಿಲ್ಲ. ಈ ಚಟದಲ್ಲಿ ಎರಡೂ ಕಡೆಯವರು ಸಮಾನರು. ಒಂದು ಕಡೆಯ ಕತೆಯನ್ನಷ್ಟೇ ಮಕ್ಕಳಿಗೆ ಕಲಿಸಿದರೆ ನಾವು ಇತಿಹಾಸ ಕಲಿಸಿದಂತಾಗುವುದಿಲ್ಲ.

ಈಗ ಕುಲುಮೆಯ ಕಡೆಗೆ ಬರೋಣ. ರೆಹಾ ಎರಕದ ಕೆಲಸವಲ್ಲ, ಬಡಿಗೆಯ ಕೆಲಸ. ತಿದಿಯ ಗಾಳಿಗೆ ಕೆಂಪಾದ ಮುದ್ದೆಯನ್ನು ಅಡಿಗಲ್ಲಿನ ಮೇಲೆ ಬಡಿದು ಬಡಿದು ಚೌಕದ ಕಂಬಿಯಾಗಿ ಎಳೆಯಬೇಕು. 15ನೇ ಶತಮಾನದ ಕಮ್ಮಾರರು ಈ ಕಂಬಿಯನ್ನು ಬಿಸಿಯಿರುವಾಗಲೇ ಹಗ್ಗದಂತೆ ಹೊಸೆದರು. 16ನೇ ಶತಮಾನದಲ್ಲಿ ಇಟಲಿಯ ಹೊಸ ಕಲೆಯ ಗಾಳಿ ಬೀಸಿದಾಗ ಕಂಬಿ ಕದಿರಿನ ಆಕಾರಕ್ಕೆ ತಿರುಗಿತು: ಬುಡದಲ್ಲಿ ತೆಳು, ನಡುವೆ ತುಂಬು, ಮೇಲೆ ಮತ್ತೆ ತೆಳು. ಗಟ್ಟಿ ಕಬ್ಬಿಣವನ್ನು ಸುತ್ತಿಗೆಯಿಂದಲೇ ಈ ಆಕಾರಕ್ಕೆ ತಂದು, ಒಂದರ ಪಕ್ಕ ಒಂದರಂತೆ ಹತ್ತಾರು ಕಂಬಿಗಳನ್ನು ಅಳತೆ ತಪ್ಪದೆ ನಿಲ್ಲಿಸುವುದೆಂದರೆ ಎಂಥ ಕೈ ಬೇಕು! ಮನುಷ್ಯಾಕೃತಿಗಳನ್ನು ತಗಡಿನಲ್ಲಿ ಮಾಡುತ್ತಿದ್ದರು. ತಗಡನ್ನು ಹಿಂದಿನಿಂದ ಬಡಿದು ಉಬ್ಬಿಸಿ, ಅಂಥ ಎರಡು ತಗಡುಗಳನ್ನು ಬೆನ್ನಿಗೆ ಬೆನ್ನು ಕೂಡಿಸುತ್ತಿದ್ದರು. ಹೀಗಾಗಿ ತೆರೆಯ ಯಾವ ಕಡೆ ನಿಂತು ನೋಡಿದರೂ ಆಕೃತಿಯ ಮುಖವೇ ಕಾಣುತ್ತದೆ, ಬೆನ್ನು ಕಾಣುವುದಿಲ್ಲ.

ಈ ಕೆಲಸಗಾರರ ಹೆಸರುಗಳು ನಮಗೆ ತಿಳಿದಿವೆ ಎಂಬುದೇ ಒಂದು ವಿಶೇಷ. ಗ್ರನಾಡಾದ ತೆರೆಯನ್ನು ಸುಮಾರು 1520ರಲ್ಲಿ ಮುಗಿಸಿದವನು ಹಾಯೆನ್ ಊರಿನ ಮೇಸ್ತ್ರಿ ಬಾರ್ತೊಲೊಮೆ. ಅದರ ಮೇಲೆ ತನ್ನ ಹೆಸರನ್ನೂ ಕೆತ್ತಿದ್ದಾನೆ. ಸೆವಿಲ್ ಕೆಥೆಡ್ರಲ್‌ನ ಬಲಿಪೀಠದ ತೆರೆಯನ್ನು 1518ರಲ್ಲಿ ಕೈಗೆತ್ತಿಕೊಂಡವನು ಸಾಲಮಾಂಕಾದ ಫ್ರಾನ್ಸಿಸ್ಕೊ ಎಂಬ ಸನ್ಯಾಸಿ. ಬುರ್ಗೋಸ್ ಕೆಥೆಡ್ರಲ್‌ನ ಕೊಂದೆಸ್ತಾಬ್ಲೆ ಪ್ರಾರ್ಥನಾಲಯಕ್ಕೆ 1523ರಲ್ಲಿ ತೆರೆ ಮಾಡಿದವನು ಕ್ರಿಸ್ತೊಬಾಲ್ ದೆ ಆಂದಿನೊ. 1526ರಲ್ಲಿ ದಿಯೆಗೊ ದೆ ಸಗ್ರೆದೊ ಎಂಬಾತ ವಾಸ್ತುಕಲೆಯ ಬಗ್ಗೆ ಟೊಲೆಡೊದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಂದಿನೊನ ಹೆಸರೆತ್ತಿ ಹೊಗಳಿದ್ದಾನೆ. ಟೊಲೆಡೊದ ಕೆಥೆಡ್ರಲ್‌ನಲ್ಲಿ 1548ರ ಹೊತ್ತಿಗೆ ಎರಡು ಮಹಾ ತೆರೆಗಳು ಎದುರುಬದುರು ನಿಂತವು: ಬಲಿಪೀಠದ್ದು ಫ್ರಾನ್ಸಿಸ್ಕೊ ದೆ ವಿಯಾಲ್ಪಾಂದೊನದು, ಕೋರೊದ್ದು ದೊಮಿಂಗೊ ದೆ ಸೆಸ್ಪೆದೆಸ್‌ನದು. ಈ ವಿಯಾಲ್ಪಾಂದೊ ಇಟಲಿಯ ಸೆರ್ಲಿಯೊನ ವಾಸ್ತು ಗ್ರಂಥವನ್ನು ಸ್ಪ್ಯಾನಿಷಿಗೆ ಅನುವಾದಿಸಿ 1552ರಲ್ಲಿ ಪ್ರಕಟಿಸಿದ. ಸುತ್ತಿಗೆ ಹಿಡಿದ ಕೈ ಲೇಖನಿಯನ್ನೂ ಹಿಡಿಯಿತು. ಕಮ್ಮಾರನನ್ನು ಊರ ಹೊರಗಿನ ಕುಲುಮೆಯಲ್ಲೇ ಉಳಿಸಿ, ಅವನ ಕಸುಬನ್ನು ಹುಟ್ಟಿನೊಂದಿಗೆ ಕಟ್ಟಿಹಾಕಿದ ಸಮಾಜದ ಓದುಗರಾದ ನಮಗೆ ಇದು ಸಣ್ಣ ಸಂಗತಿಯಾಗಿ ಕಾಣಬಾರದು.

ನಮ್ಮ ಮೆಚ್ಚುಗೆ ಆಂದಿನೊನ ಕಡೆಗೆ ಹೆಚ್ಚು. ಅವನು ಕೆಳಗಿನ ಕಂಬಿಗಳನ್ನು ಸರಳವಾಗಿ ಬಿಟ್ಟು ಅಲಂಕಾರವನ್ನೆಲ್ಲ ಮೇಲಕ್ಕೆ ಒಯ್ದಿದ್ದಾನೆ. ತುದಿಯಲ್ಲಿ ಮಂಡಿಯೂರಿದ ಎರಡು ಆಕೃತಿಗಳು ಮನೆತನದ ಲಾಂಛನವನ್ನು ಹಿಡಿದಿವೆ. ನೋಡುವವನ ಕಣ್ಣು ಮೊದಲು ಕಂಬಿಯ ಸಂದಿನಿಂದ ಸಲೀಸಾಗಿ ಒಳಗೆ ಹೋಗುತ್ತದೆ, ಆಮೇಲೆ ಮೇಲೇರುತ್ತದೆ. ಆದರೆ ಮೇಲೇರಿ ಏನನ್ನು ಕಾಣುತ್ತದೆ? ಒಂದು ಶ್ರೀಮಂತ ಮನೆತನದ ಗುರುತನ್ನು. ಸ್ಪೇನಿನ ಕೆಥೆಡ್ರಲ್‌ಗಳ ಬದಿಯ ಪ್ರಾರ್ಥನಾಲಯಗಳು ಬಹಳಷ್ಟು ಹೀಗೆಯೇ ಇವೆ. ಮನೆತನದವರು ಹಣ ಕೊಟ್ಟು ಜಾಗ ಪಡೆದು, ಅಲ್ಲಿ ಸಮಾಧಿ ಮಾಡಿಕೊಂಡು, ಮುಂದೆ ರೆಹಾ ಹಾಕಿಸಿ ಬೀಗ ಜಡಿದರು. ದೇವರ ಮನೆಯೊಳಗೆ ಖಾಸಗಿ ಆಸ್ತಿಯ ಬೇಲಿ ಎಂದರೆ ತಪ್ಪಾಗದು. ತೆರೆಯ ಚೆಲುವು ಯಾರಿಗಾಗಿ? ಒಳಗಿದ್ದವರು ಸತ್ತವರು ಮತ್ತು ಅವರಿಗಾಗಿ ಪೂಜೆ ಸಲ್ಲಿಸುವ ಪಾದ್ರಿಗಳು. ಅದನ್ನು ದಿನವೂ ನೋಡಬೇಕಾದವರು ಹೊರಗೆ ನಿಂತ ಜನ. ಹೊರಗಿಟ್ಟವರಿಗೇ ತೋರಿಸಿದ ವೈಭವ ಇದು. ‘ನೀನು ಬರಕೂಡದು’ ಎಂಬ ಮಾತನ್ನು ಇಷ್ಟು ಸೊಗಸಾಗಿ ಹೇಳಿದಾಗ ಕೇಳಿಸಿಕೊಂಡವನಿಗೆ ಕೋಪವೂ ಬರುವುದಿಲ್ಲ. ರೆಹಾದ ನಿಜವಾದ ಶಕ್ತಿ ಇಲ್ಲಿದೆ ಎಂಬುದು ನಮ್ಮ ಅನಿಸಿಕೆ.

ಈ ಕಣ್ಣಿನಿಂದ ಗ್ರನಾಡಾದ ತೆರೆಯ ಮುಂದೆ ಮತ್ತೊಮ್ಮೆ ನಿಲ್ಲೋಣ. ರಾಜಪ್ರಾರ್ಥನಾಲಯವನ್ನು ಕಟ್ಟಿದ್ದು 1505ರಿಂದ 1517ರ ನಡುವೆ, ನಗರದ ಜಾಮಿಯಾ ಮಸೀದಿಯ ಮಗ್ಗುಲಲ್ಲಿ. ಎದುರಿಗೆ 1349ರಲ್ಲಿ ಸುಲ್ತಾನ್ ಒಂದನೆಯ ಯೂಸುಫ್ ಸ್ಥಾಪಿಸಿದ ಮದರಸಾ. 1521ರಲ್ಲಿ ರಾಜದಂಪತಿಯ ಅವಶೇಷಗಳನ್ನು ಇಲ್ಲಿಗೆ ತಂದರು. ಕಂಬಿಯ ಆಚೆ ಸಮಾಧಿ, ಸಮಾಧಿಯ ಆಚೆ ಬಲಿಪೀಠ. ಆ ಬಲಿಪೀಠದ ಕೆಳಭಾಗದಲ್ಲಿ ಫೆಲಿಪೆ ಬಿಗಾರ್ನಿಯದೆನ್ನಲಾದ ಮರದ ಉಬ್ಬುಚಿತ್ರಗಳಿವೆ. ಒಂದೆಡೆ ಗರ್ನಾತಾದ ಕೊನೆಯ ಸುಲ್ತಾನ ಶರಣಾಗುವ ದೃಶ್ಯ. ಇನ್ನೊಂದೆಡೆ ಅಲ್ಲಿನ ಮುಸ್ಲಿಮ್ ಗಂಡಸರು ಮತ್ತು ಹೆಂಗಸರು ಗುಂಪುಗುಂಪಾಗಿ ದೀಕ್ಷಾಸ್ನಾನ ಪಡೆಯುವ ದೃಶ್ಯ. ಶರಣಾಗತಿಯ ಕರಾರಿನಲ್ಲಿ ಅವರ ಧರ್ಮವನ್ನು ಉಳಿಸಿಕೊಡುವ ಮಾತಿತ್ತು. 1499ರಿಂದ ಕಾರ್ಡಿನಲ್ ಸಿಸ್ನೆರೋಸ್ ಬಲವಂತದ ಮತಾಂತರ ನಡೆಸಿದ. 1502ರಲ್ಲಿ ಕ್ಯಾಸ್ಟೀಲ್ ರಾಜ್ಯದ ಮುಸ್ಲಿಮರ ಮುಂದೆ ಮತಾಂತರ ಅಥವಾ ದೇಶಾಂತರ ಎಂಬ ಎರಡೇ ದಾರಿ ಉಳಿದವು. ಮತಾಂತರಗೊಂಡವರ ಮೊಮ್ಮಕ್ಕಳನ್ನೂ 1609ರಿಂದ 1614ರ ನಡುವೆ ದೇಶದಿಂದ ಹೊರಗಟ್ಟಲಾಯಿತು.

ಈ ನಡುವಿನ ತೊಂಬತ್ತು ವರ್ಷಗಳನ್ನು ಕತೆಗಾರರಾದ ನಾವು ಹೀಗೆ ಊಹಿಸಿಕೊಳ್ಳುತ್ತೇವೆ. ಹೊಸ ಹೆಸರು ಪಡೆದ ಒಬ್ಬ ಮುದುಕಿ, ನಿನ್ನೆಯವರೆಗೆ ಫಾತಿಮಾ ಆಗಿದ್ದವಳು, ಈ ತೆರೆಯ ಈಚೆ ನಿಂತಿದ್ದಾಳೆ. ಕಂಬಿಗಳ ಸಂದಿನಿಂದ ಅವಳಿಗೆ ತನ್ನದೇ ದೀಕ್ಷಾಸ್ನಾನದ ಚಿತ್ರ ಕಾಣುತ್ತಿದೆ. ಆ ಚಿತ್ರ ಒಳಗಿದೆ, ಅವಳು ಹೊರಗಿದ್ದಾಳೆ. ಒಳಗೆ ಸೇರಿಸಿಕೊಂಡೆವು ಎಂದು ಸಾರಿದವರೇ ಅವಳನ್ನು ಕೊನೆಯವರೆಗೂ ಹೊರಗೆ ನಿಲ್ಲಿಸಿದರು. ಇಂಥ ಒಬ್ಬ ಮುದುಕಿಯನ್ನು ಮರೆತು ಬಾರ್ತೊಲೊಮೆಯ ಕುಸುರಿಯನ್ನು ಹೊಗಳುವುದು ನಮ್ಮಿಂದಾಗದು. ಹಾಗೆಂದು ಅವಳ ನೆಪದಲ್ಲಿ ಬಾರ್ತೊಲೊಮೆಯ ಕೈಚಳಕವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ.

ಇನ್ನು ‘ನಮ್ಮವರ ಕೆಲಸ’ ಎಂಬ ಆ ದನಿಯ ವಿಚಾರ. ಅದನ್ನು ನೇರವಾಗಿ ಎದುರಿಸಬೇಕು. ಕ್ರೈಸ್ತ ಅರಸರ ಆಳ್ವಿಕೆಯಲ್ಲಿ ಉಳಿದ ಮುಸ್ಲಿಮ್ ಕುಶಲಕರ್ಮಿಗಳ ಕೈಗುರುತು ಸ್ಪೇನಿನ ಇಟ್ಟಿಗೆಯಲ್ಲಿ, ಗಾರೆಯಲ್ಲಿ, ಮರದ ಚಾವಣಿಯಲ್ಲಿ ಎದ್ದು ಕಾಣುತ್ತದೆ. ತೆರುವೆಲ್‌ನ ಗೋಪುರಗಳನ್ನು, ಸೆವಿಲ್‌ನಲ್ಲಿ ಅರಸ ಪೇದ್ರೊ 1364ರಲ್ಲಿ ಕಟ್ಟಿಸಲು ತೊಡಗಿದ ಅರಮನೆಯನ್ನು ನೋಡಿದವರಿಗೆ ಬೇರೆ ಪುರಾವೆ ಬೇಡ. ಆದರೆ ಕಬ್ಬಿಣದ ಮಹಾ ತೆರೆಗಳ ವಂಶವೇ ಬೇರೆ. ಅದರ ಸುರುಳಿ ಉತ್ತರದ್ದು, ಕದಿರುಗಂಬಿ ಇಟಲಿಯದ್ದು, ಅದರ ಅಗತ್ಯ ಹುಟ್ಟಿದ್ದು ಚರ್ಚಿನ ಪೂಜಾಕ್ರಮದಿಂದ. ಅಂದಲುಸಿನವರು ಜಾಲಂದ್ರಗಳನ್ನು ಅಮೃತಶಿಲೆಯಲ್ಲಿ, ಗಾರೆಯಲ್ಲಿ, ಮರದಲ್ಲಿ ಮಾಡಿದರು. ನಮ್ಮದೆಂದು ಹೇಳಿಕೊಳ್ಳಲು ಉಳಿದಿರುವುದು ಕೆಲವು ಮಾತುಗಳು. ಬಾಗಿಲಿನ ಚಿಲಕಕ್ಕೆ, ತಟ್ಟುವ ಬಳೆಗೆ ಸ್ಪೇನಿನವರು ‘ಅಲ್ದಾಬಾ’ ಎನ್ನುತ್ತಾರೆ, ಗಾರೆ ಕೆಲಸದವನಿಗೆ ‘ಅಲ್ಬಾನ್ಯಿಲ್’ ಎನ್ನುತ್ತಾರೆ, ಇಕ್ಕಳಕ್ಕೆ ‘ಅಲಿಕಾತೆಸ್’ ಎನ್ನುತ್ತಾರೆ. ಮೂರೂ ಅರಬಿಯಿಂದ ಬಂದವು. ಜನರನ್ನು ಹೊರಗಟ್ಟಿದ ಮೇಲೂ ಅವರ ಭಾಷೆ ಕೆಲಸಗಾರನ ಬಾಯಲ್ಲಿ ಉಳಿಯಿತು. ಇದಕ್ಕಿಂತ ದೊಡ್ಡ ಹಕ್ಕುಪತ್ರ ನಮಗೆ ಬೇಕಿಲ್ಲ. ಇಲ್ಲದ್ದನ್ನು ನಮ್ಮದೆಂದು ಹೇಳಿಕೊಂಡರೆ, ನಿಜವಾಗಿ ನಮ್ಮದಾಗಿದ್ದುದರ ಮೇಲಿನ ಮಾತಿಗೂ ಬೆಲೆ ಹೋಗುತ್ತದೆ.

ಅಲ್ಲದೆ, ಬೇಲಿ ಹಾಕುವ ಬುದ್ಧಿ ಚರ್ಚಿಗೆ ಮಾತ್ರ ಸೀಮಿತವೆ? ಮಸೀದಿಗಳಲ್ಲಿ ಖಲೀಫರು, ಅಮೀರರು ಜನರಿಂದ ಬೇರೆಯಾಗಿ ನಿಂತು ನಮಾಝ್ ಮಾಡಲು ‘ಮಕ್ಸೂರಾ’ ಎಂಬ ಆವರಣ ಇರುತ್ತಿತ್ತು. ಕೊಲೆಯತ್ನದಿಂದ ಪಾರಾದ ಮುಆವಿಯಾ ಅದನ್ನು ಮೊದಲು ಕಟ್ಟಿಸಿದನೆಂಬ ಪ್ರತೀತಿ ಇದೆ. ಟ್ಯುನೀಷಿಯಾದ ಕೈರವಾನ್ ಮಸೀದಿಯಲ್ಲಿ 11ನೇ ಶತಮಾನದ ಮರದ ಮಕ್ಸೂರಾ ಇಂದಿಗೂ ಇದೆ. ಅದರ ಕೆತ್ತನೆ ಕಣ್ಣು ಸೆಳೆಯುವಂಥದ್ದು. ಹೆಗಲಿಗೆ ಹೆಗಲು ಹಚ್ಚಿ ಸಾಲು ನಿಲ್ಲಿರಿ ಎಂದು ಕಲಿಸಿದ ಧರ್ಮದ ಮನೆಯಲ್ಲೇ ಅರಸನ ಹೆಗಲು ಕಟಕಟೆಯ ಆಚೆಗೆ ಸರಿಯಿತು. ಸ್ಪೇನಿನ ಸನ್ಯಾಸಿನಿಯರ ಮಠಗಳಲ್ಲಿ ಮಗಳನ್ನು ನೋಡಲು ಬಂದ ತಾಯಿ ಮಾತಾಡಿಸಬೇಕಾದದ್ದು ಕಬ್ಬಿಣದ ಜಾಲರಿಯ ಮೂಲಕ. 1563ರಲ್ಲಿ ಟ್ರೆಂಟ್ ಧರ್ಮಸಭೆ ಸನ್ಯಾಸಿನಿಯರ ಆವರಣವಾಸವನ್ನು ಇನ್ನಷ್ಟು ಬಿಗಿಗೊಳಿಸಿತು. ಅದನ್ನು ಓದಿ ಅಯ್ಯೋ ಎನ್ನುವಾಗ, ನಮ್ಮ ಮಸೀದಿಗಳಲ್ಲಿ ಹೆಂಗಸರಿಗೆ ಜಾಗವಿರುವಲ್ಲಿ ಎಷ್ಟು ಕಡೆ ಅವರು ಖುತ್ಬಾವನ್ನು ಪರದೆಯ ಹಿಂದಿನಿಂದ ಕೇಳುತ್ತಾರೆ, ಜಾಗವೇ ಇಲ್ಲದ ಮಸೀದಿಗಳೆಷ್ಟು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ರೆಹಾದ ಚರಿತ್ರೆಗೆ ಇನ್ನೊಂದು ಅಧ್ಯಾಯವಿದೆ. ಅದು ಕಲೆಯ ಪುಸ್ತಕಗಳದ್ದು. ಅಮೆರಿಕದ ಆರ್ಥರ್ ಬೈನ್ ಮತ್ತು ಅವನ ಪತ್ನಿ ಮಿಲ್ಡ್ರೆಡ್ ಸ್ಟೇಪ್ಲಿ ಸ್ಪೇನಿನಲ್ಲಿ ನೆಲೆಸಿ, 1914 ಮತ್ತು 1915ರಲ್ಲಿ ಸ್ಪೇನಿನ ಕಬ್ಬಿಣದ ಕಲೆಯ ಬಗ್ಗೆ ಎರಡು ಪುಸ್ತಕ ಬರೆದರು. ಹೊರಜಗತ್ತಿಗೆ ಈ ತೆರೆಗಳ ಬೆಲೆ ತಿಳಿಸಿದವರಲ್ಲಿ ಅವರು ಮೊದಲಿಗರು. ಬೆಲೆ ತಿಳಿದವನು ಬಳಿಕ ಮಾರಾಟಕ್ಕೂ ಇಳಿದ. ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ಗಾಗಿ ಬೈನ್ 1925ರಲ್ಲಿ ಸಾಕ್ರಮೇನಿಯಾದ ಮಠದ ಅಂಗಳವನ್ನು, 1931ರಲ್ಲಿ ಓವಿಲಾ ಮಠವನ್ನು ಕಲ್ಲುಕಲ್ಲಾಗಿ ಬಿಚ್ಚಿಸಿ ಅಮೆರಿಕಕ್ಕೆ ಸಾಗಿಸಿದ. ವಯ್ಯಾದೊಲಿದ್ ಕೆಥೆಡ್ರಲ್‌ನ ಕೋರೊದ ಮುಂದೆ ಬಾಸ್ಕ್ ನಾಡಿನ ರಫಾಯೆಲ್ ಮತ್ತು ಗಾಸ್ಪರ್ ಅಮೆಸುವಾ 1763ರಲ್ಲಿ ನಿಲ್ಲಿಸಿದ್ದ, ಸುಮಾರು 52 ಅಡಿ ಎತ್ತರದ ತೆರೆಯೂ 1920ರ ದಶಕದಲ್ಲಿ ಇದೇ ಬೈನ್ ಮೂಲಕ ಹರ್ಸ್ಟ್‌ನ ಪಾಲಾಯಿತು. 1956ರಲ್ಲಿ ಹರ್ಸ್ಟ್ ಪ್ರತಿಷ್ಠಾನ ಅದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿತು. ಕ್ರಿಸ್ಮಸ್ ಬಂದಾಗ ಅದರ ಮುಂದೆ ಅಲಂಕರಿಸಿದ ಮರ ನಿಲ್ಲಿಸುತ್ತಾರೆ. ಅಲ್ಲಿ ಆಚೆ ಬಲಿಪೀಠವಿಲ್ಲ, ಈಚೆ ಭಕ್ತರಿಲ್ಲ. ಕಂಬಿಗಳು ಯಾರನ್ನೂ ತಡೆಯುತ್ತಿಲ್ಲ.

ಬೈನ್ ದಂಪತಿಯ ಪುಸ್ತಕಗಳ ಬಗೆಯ ಕಲಾಬರಹದ ಬಗ್ಗೆ ನಮ್ಮ ತಕರಾರು ಇಷ್ಟೆ. ಅದು ಕಂಬಿಯನ್ನು ಅಳೆಯುತ್ತದೆ, ಪಟ್ಟಿಯ ಬಳ್ಳಿಯನ್ನು ಎಣಿಸುತ್ತದೆ, ಶೈಲಿಗೆ ಹೆಸರಿಡುತ್ತದೆ. ತೆರೆಯ ಎರಡು ಬದಿಗೆ ನಿಂತ ಮನುಷ್ಯರನ್ನು ನೋಡುವುದಿಲ್ಲ. ಮನುಷ್ಯರನ್ನು ಕಳೆದ ಮೇಲೆ ಉಳಿಯುವುದು ಒಂದು ಸುಂದರ ಸಾಮಾನು. ಸಾಮಾನನ್ನು ಯಾರು ಬೇಕಾದರೂ ಬಿಚ್ಚಿ ಹಡಗಿಗೆ ಹೇರಬಹುದು. ನಮ್ಮ ಉಸ್ತಾದರ ಕಣ್ಣೀರಿನ ಓದು ಇದಕ್ಕೆ ತದ್ವಿರುದ್ಧ ಎನಿಸಬಹುದು. ಆದರೆ ಅದೂ ಕೆಲಸಗಾರನನ್ನು ನೋಡಲಿಲ್ಲ. ಒಂದು ಓದು ಎಲ್ಲವನ್ನೂ ಸರಕು ಮಾಡಿತು, ಇನ್ನೊಂದು ಎಲ್ಲವನ್ನೂ ವಾರಸುದಾರಿಕೆಯ ದಾವೆ ಮಾಡಿತು. ತೆರೆಯ ಮುಂದೆ ಸುಮ್ಮನೆ ನಿಂತು, ಇದನ್ನು ಯಾರು ಮಾಡಿದರು, ಯಾರ ಹಣದಿಂದ, ಯಾರನ್ನು ತಡೆಯಲು ಎಂದು ಕೇಳುವ ಓದು ಇನ್ನೂ ಆಗಬೇಕಾಗಿದೆ.

ಕುರ್ತುಬಾದ ಮಸೀದಿ 1236ರಿಂದ ಕೆಥೆಡ್ರಲ್ ಆಗಿದೆ. ಖಲೀಫ ಎರಡನೆಯ ಹಕಮ್ ಕಟ್ಟಿಸಿದ ಅಲ್ಲಿನ ಮಿಹ್ರಾಬ್ ಇಂದಿಗೂ ತನ್ನ ಚಿನ್ನದ ಬಣ್ಣದ ಕುಸುರಿಯೊಂದಿಗೆ ಉಳಿದಿದೆ. ಒಂದು ಕಾಲಕ್ಕೆ ಅಲ್ಲಿ ಖಲೀಫನ ಮಕ್ಸೂರಾ ಇತ್ತು, ಸಾಮಾನ್ಯ ನಮಾಝಿ ದೂರದಲ್ಲಿ ನಿಲ್ಲಬೇಕಿತ್ತು. ಇಂದು ಅದರ ಮುಂದೆ ಕಬ್ಬಿಣದ ಕಟಕಟೆ ಇದೆ. ಮುಸ್ಲಿಮ್, ಕ್ರೈಸ್ತ, ಯಾವ ಮತವೂ ಬೇಡವೆನ್ನುವವನು, ಎಲ್ಲರೂ ಟಿಕೆಟ್ ಕೊಂಡು ಬಂದು ಅದರ ಈಚೆ ಒಟ್ಟಿಗೆ ನಿಂತು, ಕಂಬಿಯ ಸಂದಿನಲ್ಲಿ ಇಣುಕಿ ನೋಡುತ್ತಾರೆ. ಆಚೆ ಯಾರೂ ಇಲ್ಲ. ಉಸ್ತಾದರು ಇದ್ದಿದ್ದರೆ ಅಳುತ್ತಿದ್ದರೇನೊ. ಅವರ ಪಕ್ಕ ನಿಂತು, ಆ ಕಟಕಟೆಯ ಕಂಬಿಯನ್ನು ಬಡಿದ ಕಮ್ಮಾರನ ಹೆಸರೇನು ಉಸ್ತಾದ್ ಎಂದು ಕೇಳುವ ಆಸೆ ನಮಗೆ.